ದೈನಂದಿನ ವ್ಯಾಯಾಮವೂ ನಮ್ಮ ಜೀರ್ಣಶಕ್ತಿಯೂ



ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತ ವೈದ್ಯನ ಕಿವಿಗೆ ಬೆಳಗಿನಿಂದ ಸಂಜೆಯವರೆಗೆ ಅತಿ ಹೆಚ್ಚು ಸಲ ಬೀಳುವ ಮಾತುಗಳಲ್ಲಿ "ಗ್ಯಾಸ್ಟ್ರಿಕ್ ಆಗಿದೆ ಸಾರ್" ಎಂಬುದು ಒಂದು. ಈ ಒಂದೇ ಪದದೊಳಗೆ ನಮ್ಮ ಜನರು ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ವಾಯುಬಾಧೆ, ಹಸಿವಿಲ್ಲದಿರುವುದು, ಮಲಬದ್ಧತೆ, ಕೆಲವೊಮ್ಮೆ ಬೆನ್ನುನೋವು ತಲೆನೋವುಗಳನ್ನು ಕೂಡ ತುಂಬಿಬಿಟ್ಟಿದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಒಂದು ಮಾತ್ರೆಯನ್ನು ಔಷಧಿ ಅಂಗಡಿಯಿಂದ ತಾವೇ ತಂದು ವರ್ಷಗಟ್ಟಲೆ ಸೇವಿಸುವ ದಂಪತಿಗಳೂ ಇದ್ದಾರೆ. ಆ ಮಾತ್ರೆಯು ಜಠರದಲ್ಲಿ ಆಮ್ಲ ಉತ್ಪತ್ತಿಯಾಗುವುದನ್ನು ತಗ್ಗಿಸುತ್ತದೆ. ಅದು ನಿಜ. ಆದರೆ ಕರುಳನ್ನು ಚಲಿಸುವಂತೆ ಮಾಡುವ ಶಕ್ತಿ ಅದಕ್ಕಿಲ್ಲ. ನಮ್ಮಲ್ಲಿಗೆ ಬರುವ ದೂರುಗಳಲ್ಲಿ ಬಹುಪಾಲು ಆಮ್ಲದಿಂದ ಉಂಟಾದವುಗಳಲ್ಲ. ಅನ್ನಮಾರ್ಗದ ಚಲನೆಯು ನಿಧಾನಗೊಂಡುದರಿಂದ ಉಂಟಾದವು. ಆ ಚಲನೆಗೂ ನಮ್ಮ ಕಾಲುಗಳ ನಡಿಗೆಗೂ ಹತ್ತಿರದ ಸಂಬಂಧವಿದೆ. ಈ ಸಂಬಂಧವನ್ನು ಪತಿಪತ್ನಿಯರಿಬ್ಬರೂ ತಿಳಿದುಕೊಂಡರೆ ಮನೆಯಲ್ಲಿ ಮಾತ್ರೆಯ ಖರ್ಚು ಎಷ್ಟೋ ಉಳಿಯುವುದು.

ಮೊದಲು ನಾವು ಉಂಡ ಅನ್ನವು ದೇಹದೊಳಗೆ ಹೇಗೆ ಸಾಗುತ್ತದೆಂಬುದನ್ನು ನೋಡೋಣ. ಅನ್ನಮಾರ್ಗವು ಬಾಯಿಯಿಂದ ಗುದದ್ವಾರದವರೆಗೆ ಹಬ್ಬಿರುವ ಒಂದು ಉದ್ದನೆಯ ಕೊಳವೆ. ಅದರಲ್ಲಿ ಸಣ್ಣ ಕರುಳೊಂದೇ ಸುಮಾರು 6 ಮೀಟರ್ ಉದ್ದವಿದೆ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್. ಕೆರೆಯ ನೀರು ಕಾಲುವೆಯಲ್ಲಿ ಇಳಿಜಾರಿನಿಂದಾಗಿ ತಾನಾಗಿ ಹರಿಯುತ್ತದೆ. ಆದರೆ ಹೊಟ್ಟೆಯೊಳಗೆ ಸುರುಳಿಸುರುಳಿಯಾಗಿ ಮಡಿಸಿಟ್ಟಿರುವ ಈ ಕಾಲುವೆಗೆ ಇಳಿಜಾರೆಂಬುದಿಲ್ಲ. ಇದರ ಗೋಡೆಯಲ್ಲಿರುವ ಮಾಂಸಖಂಡಗಳೇ ಅಲೆ ಅಲೆಯಾಗಿ ಹಿಂಡಿ ಆಹಾರವನ್ನು ಮುಂದಕ್ಕೆ ನೂಕಬೇಕು. ಜಠರವು ನಿಮಿಷಕ್ಕೆ ಸುಮಾರು 3 ಸಲ ಹೀಗೆ ಹಿಂಡುತ್ತದೆ. ಹಿಟ್ಟನ್ನು ನಾದಿದಂತೆ ನಾದಿ, ಜಠರರಸದೊಂದಿಗೆ ಬೆರೆಸಿ, ಆಹಾರವು ತೆಳುವಾದ ಗಂಜಿಯಂತಾದ ಮೇಲೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಬಿಡುತ್ತದೆ. ಸಾಧಾರಣ ಊಟವೊಂದು ಜಠರವನ್ನು ದಾಟಲು 2ರಿಂದ 4 ಗಂಟೆ ಹಿಡಿಯುತ್ತದೆ. ಎಣ್ಣೆ, ಕೊಬ್ಬು ಹೆಚ್ಚಾಗಿರುವ ಬಾಡೂಟಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು.

ಜಠರವು ಖಾಲಿಯಾದ ಮೇಲೆಯೂ ಸುಮ್ಮನಿರುವುದಿಲ್ಲ. ಸುಮಾರು ಒಂದೂವರೆ ಗಂಟೆಯಿಂದ ಎರಡು ಗಂಟೆಗೊಮ್ಮೆ ಒಂದು ಬಲವಾದ ಅಲೆಯು ಜಠರದಿಂದ ಹೊರಟು ಸಣ್ಣ ಕರುಳಿನ ಕೊನೆಯವರೆಗೆ ಸಾಗಿ, ಅಲ್ಲಲ್ಲಿ ಉಳಿದ ಆಹಾರದ ಚೂರುಗಳನ್ನು ಗುಡಿಸಿಕೊಂಡು ಹೋಗುತ್ತದೆ. ಹಸಿದ ಹೊಟ್ಟೆ ಗುರುಗುಟ್ಟುವುದು ಬಹುಮಟ್ಟಿಗೆ ಈ ಗುಡಿಸುವ ಕೆಲಸದ ಶಬ್ದವೇ. ಅದನ್ನು ಕೇಳಿ ಹೆದರಬೇಕಾದುದಿಲ್ಲ. ಆದರೆ ಗಂಟೆಗೊಮ್ಮೆ ಚಹಾ, ಬಿಸ್ಕತ್ತು, ಬೋಂಡ ಎಂದು ಬಾಯಾಡಿಸುತ್ತಲೇ ಇದ್ದರೆ ಗುಡಿಸುವ ಕೆಲಸಕ್ಕೆ ಸಮಯವೇ ದೊರೆಯದು. ಉಣ್ಣುತ್ತಿರುವ ಪಂಕ್ತಿಯ ನಡುವೆ ಯಾರೂ ಪೊರಕೆ ಹಿಡಿಯುವುದಿಲ್ಲವಷ್ಟೆ.

ಕುಡಿದ ನೀರು, ಜೊಲ್ಲು, ಜಠರರಸ, ಪಿತ್ತರಸ ಮುಂತಾದುವೆಲ್ಲ ಸೇರಿ ದಿನವೊಂದಕ್ಕೆ ಸುಮಾರು 8ರಿಂದ 9 ಲೀಟರ್ ದ್ರವವು ಸಣ್ಣ ಕರುಳನ್ನು ತಲುಪುತ್ತದೆ. ಅದರಲ್ಲಿ ಬಹುಭಾಗವನ್ನು ದೇಹವು ಹೀರಿಕೊಳ್ಳುತ್ತದೆ. ಉಳಿದ ಗಸಿಯು ದೊಡ್ಡ ಕರುಳಿಗೆ ಬಂದು ಸಾಮಾನ್ಯವಾಗಿ ಒಂದೆರಡು ದಿನ ಅಲ್ಲಿರುತ್ತದೆ. ಅಲ್ಲಿಯೂ ನೀರನ್ನು ಹೀರುವ ಕೆಲಸ ನಡೆದೇ ಇರುತ್ತದೆ. ಆದುದರಿಂದ ಮಲವು ಅಲ್ಲಿ ಎಷ್ಟು ಹೆಚ್ಚು ಕಾಲ ನಿಲ್ಲುವುದೋ ಅಷ್ಟು ಒಣಗಿ ಗಟ್ಟಿಯಾಗುತ್ತದೆ. ಮಲಬದ್ಧತೆಯ ಮೂಲ ಇಲ್ಲಿದೆ. ಮುಂದೆ ಮುಕ್ಕಿ ಮುಕ್ಕಿ ಮೂಲವ್ಯಾಧಿಯಾಗುವುದೂ, ಹೊಟ್ಟೆ ಬಿಗಿದು ಊಟ ಸೇರದಂತಾಗುವುದೂ ಇದರ ಹಿಂದೆಯೇ ಬರುವ ತೊಂದರೆಗಳು.

ಇನ್ನು ನಡಿಗೆಯ ವಿಚಾರ. ನಾವು ನಡೆಯುವಾಗ ಮೈ ನೆಟ್ಟಗಿರುತ್ತದೆ, ಉಸಿರು ಆಳವಾಗುತ್ತದೆ, ಎದೆಗೂ ಹೊಟ್ಟೆಗೂ ನಡುವಿರುವ ವಪೆ ಎಂಬ ಮಾಂಸದ ಪರದೆಯು ಮೇಲೆ ಕೆಳಗೆ ಆಡಿ ಕರುಳನ್ನು ಮೆಲ್ಲನೆ ಒತ್ತುತ್ತದೆ, ಹೊಟ್ಟೆಯ ಗೋಡೆಯ ಮಾಂಸಖಂಡಗಳು ಬಿಗಿಯುತ್ತ ಸಡಿಲುತ್ತ ಇರುತ್ತವೆ. ಇವೆಲ್ಲದರ ಸಹಾಯದಿಂದ ಕರುಳಿನೊಳಗಿನ ವಾಯುವೂ ಗಸಿಯೂ ಮುಂದೆ ಸಾಗುವುದು ಸುಲಭವಾಗುತ್ತದೆ. ಮಲಗಿರುವಾಗ ಹೊಟ್ಟೆಯಲ್ಲಿ ನಿಂತ ವಾಯುವು ಎದ್ದು ನಾಲ್ಕು ಹೆಜ್ಜೆ ನಡೆದರೆ ಹೊರಹೋಗುವುದನ್ನು ನೀವೆಲ್ಲರೂ ಅನುಭವದಿಂದ ಬಲ್ಲಿರಿ. ದೊಡ್ಡ ಶಸ್ತ್ರಚಿಕಿತ್ಸೆಯಾದ ರೋಗಿಯನ್ನು ಆದಷ್ಟು ಬೇಗ ಹಾಸಿಗೆಯಿಂದ ಎಬ್ಬಿಸಿ ನಡೆಸುವುದಕ್ಕೆ ಇದೂ ಒಂದು ಕಾರಣ.

ನಡಿಗೆ ಒಳ್ಳೆಯದೆಂದ ಮಾತ್ರಕ್ಕೆ ಶ್ರಮವೆಲ್ಲವೂ ಎಲ್ಲ ಹೊತ್ತಿನಲ್ಲೂ ಒಳ್ಳೆಯದೆಂದು ತಿಳಿಯಬಾರದು. ಇಲ್ಲಿ ರಕ್ತದ ಹಂಚಿಕೆಯನ್ನು ಅರಿಯಬೇಕು. ನಾವು ವಿಶ್ರಾಂತಿಯಲ್ಲಿರುವಾಗ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಪಂಪು ಮಾಡುತ್ತದೆ. ಅದರಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಜೀರ್ಣಾಂಗಗಳಿಗೆ ಹೋಗುತ್ತದೆ. ಊಟವಾದೊಡನೆ ಅವುಗಳ ಪಾಲು ಇನ್ನೂ ಹೆಚ್ಚುತ್ತದೆ. ಆದರೆ ಭಾರ ಹೊರುವುದು, ಗುದ್ದಲಿಯಿಂದ ಅಗೆಯುವುದು, ಓಡುವುದು ಮುಂತಾದ ಕಠಿಣ ಶ್ರಮದಲ್ಲಿ ಕೈಕಾಲುಗಳು ರಕ್ತವನ್ನು ಬೇಡುತ್ತವೆ. ಆಗ ಕರುಳಿನ ಪಾಲು ಐದರಲ್ಲಿ ಒಂದು ಭಾಗದಷ್ಟಕ್ಕೂ ಇಳಿಯಬಹುದು. ನಾಲೆಯ ನೀರಿಗೆ ಸರದಿ ಇರುವಂತೆ ರಕ್ತಕ್ಕೂ ಸರದಿ ಇದೆ. ಹೊಟ್ಟೆ ತುಂಬ ಮುದ್ದೆ ಉಂಡು ಕೈತೊಳೆದ ಕೂಡಲೆ ಗೊಬ್ಬರದ ಮೂಟೆ ಎತ್ತಲು ಹೋದರೆ ಎರಡು ಗದ್ದೆಗಳಿಗೂ ಒಂದೇ ತೂಬಿನ ನೀರನ್ನು ತಿರುಗಿಸಿದಂತಾಗುತ್ತದೆ. ಹೊಟ್ಟೆ ತೊಳಸುವುದು, ಪಕ್ಕೆ ಹಿಡಿಯುವುದು, ಹುಳಿನೀರು ಗಂಟಲಿಗೆ ಬರುವುದು ಇವೆಲ್ಲ ಆಗಲೇ.

ಇದನ್ನು ವೈದ್ಯಶಾಸ್ತ್ರವು ಮೊದಲು ಕಣ್ಣಾರೆ ಕಂಡುದು ಒಂದು ವಿಚಿತ್ರ ಅಪಘಾತದಿಂದ. ಉತ್ತರ ಅಮೆರಿಕದ ಮ್ಯಾಕಿನಾಕ್ ಎಂಬ ದ್ವೀಪದಲ್ಲಿ 1822ನೆಯ ಇಸವಿ ಜೂನ್ 6ರಂದು ಒಂದು ಬಂದೂಕು ಆಕಸ್ಮಿಕವಾಗಿ ಹಾರಿ, ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕ ಕೂಲಿಯಾಳಿನ ಎಡಪಕ್ಕೆಯನ್ನು ಭೇದಿಸಿತು. ಅಲ್ಲಿನ ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಅವನಿಗೆ ಚಿಕಿತ್ಸೆ ಮಾಡಿದನು. ಬದುಕುವ ಆಸೆಯಿಲ್ಲದಿದ್ದ ಯುವಕನು ಬದುಕಿಕೊಂಡನು; ಆದರೆ ಗಾಯವು ಪೂರ್ತಿ ಮುಚ್ಚದೆ ಜಠರದೊಳಕ್ಕೆ ಒಂದು ರಂಧ್ರ ಉಳಿಯಿತು. ಬೋಮಾಂಟ್ 1825ರಿಂದ ಆ ರಂಧ್ರದ ಮೂಲಕ ಮಾಂಸದ ಚೂರು, ರೊಟ್ಟಿಯ ಚೂರುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಹೊರತೆಗೆದು, ಎಷ್ಟು ಜೀರ್ಣವಾಗಿದೆಯೆಂದು ನೋಡಿ ಬರೆದಿಟ್ಟನು. ಅಲೆಕ್ಸಿಸ್ ಆ ವೈದ್ಯನ ಮನೆಯಲ್ಲಿಯೇ ಸೌದೆ ಒಡೆಯುವ, ಹೊರೆ ಹೊರುವ ಆಳಾಗಿಯೂ ಇದ್ದುದರಿಂದ ಶ್ರಮಕ್ಕೂ ಜೀರ್ಣಕ್ಕೂ ಇರುವ ಸಂಬಂಧ ತಾನಾಗಿ ಕಂಡುಬಂದಿತು. 1833ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗಿವೆ: ಮಿತವಾದ ವ್ಯಾಯಾಮವು ಜೀರ್ಣಕ್ರಿಯೆಗೆ ಸಹಾಯಕ, ಮೈ ಸೋಲುವಂತಹ ಕಠಿಣ ಶ್ರಮವು ಅದಕ್ಕೆ ಅಡ್ಡಿ. ಆ ಮನುಷ್ಯನು ಕೋಪಗೊಂಡಾಗ ಜೀರ್ಣಕಾರ್ಯ ಕೆಡುತ್ತಿದ್ದುದನ್ನೂ ಬೋಮಾಂಟ್ ಗಮನಿಸಿದ್ದನು. ಕೋಪಗೊಳ್ಳಲು ಅಲೆಕ್ಸಿಸನಿಗೆ ಕಾರಣವೂ ಇತ್ತೆಂದು ನನ್ನ ಅಭಿಪ್ರಾಯ. ಬಡವನೊಬ್ಬನ ಹೊಟ್ಟೆಯನ್ನು ಹಾಗೆ ವರ್ಷಗಟ್ಟಲೆ ಪ್ರಯೋಗಶಾಲೆಯಾಗಿಸುವುದನ್ನು ಇಂದು ಯಾವ ವೈದ್ಯನೂ ಮಾಡುವಂತಿಲ್ಲ. ಆತನು ಒಮ್ಮೆ ಹೇಳದೆ ಕೇಳದೆ ತನ್ನ ಊರಿಗೆ ಹೊರಟುಹೋಗಿದ್ದನು ಕೂಡ. ಆದರೂ ರಂಧ್ರವಿದ್ದ ಹೊಟ್ಟೆಯಲ್ಲಿಯೇ ಸಂಸಾರ ನಡೆಸಿ, ವೈದ್ಯನಿಗಿಂತಲೂ ಹೆಚ್ಚು ಕಾಲ, 1880ರವರೆಗೆ ಬದುಕಿದನು. ಈಗ ರಂಧ್ರದ ಅಗತ್ಯವಿಲ್ಲದೆ ಯಂತ್ರಗಳಿಂದ ನೋಡಿದಾಗಲೂ ಸಿಕ್ಕ ಉತ್ತರ ಅದೇ ಆಗಿದೆ: ಹಗುರ ನಡಿಗೆಯಿಂದ ಜಠರವು ಬೇಗ ಬರಿದಾಗುತ್ತದೆ; ಅತಿಶ್ರಮದಿಂದ ತಡವಾಗುತ್ತದೆ.

ನಿಮ್ಮಲ್ಲಿ ಅನೇಕರು ಈಗ ಮನಸ್ಸಿನಲ್ಲಿಯೇ, "ಪಟ್ಟಣದವರಿಗೆ ವ್ಯಾಯಾಮ ಬೇಕು, ಹೊಲದಲ್ಲಿ ದುಡಿಯುವ ನಮಗೇಕೆ?" ಎಂದು ಕೇಳಿಕೊಳ್ಳುತ್ತಿರಬಹುದು. ನ್ಯಾಯವಾದ ಪ್ರಶ್ನೆ. ಪ್ರತಿದಿನ ಮೈಲಿಗಟ್ಟಲೆ ನಡೆದು, ಬೆವರು ಸುರಿಸಿ ದುಡಿಯುವ ಕೂಲಿಕಾರರಿಗೆ ನಾನು ಬೇರೆ ವ್ಯಾಯಾಮವನ್ನು ಹೇಳಲಾರೆ. ಅವರಿಗೆ ಬೇಕಾದುದು ಹೊತ್ತಿಗೆ ಊಟ, ಸಾಕಷ್ಟು ನೀರು, ವಿಶ್ರಾಂತಿ. ಬಿಸಿಲಿನಲ್ಲಿ ದುಡಿದು ನೀರು ಕುಡಿಯದೆ ಇರುವವರ ಮಲ ಒಣಗುವುದು ಸಹಜ. ಆದರೆ ಉಳಿದ ನಾವೆಲ್ಲ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ನೋಡೋಣ. ಕಪಿಲೆ ಹೊಡೆಯುತ್ತಿದ್ದ ಕಡೆ ಮೋಟಾರು ಬಂದಿದೆ. ಉಳುಮೆಗೆ ಟ್ರ್ಯಾಕ್ಟರು ಬಂದಿದೆ. ರಾಗಿ ಬೀಸುವ ಕಲ್ಲು ಹಿತ್ತಿಲು ಸೇರಿ ಗಿರಣಿಯೂ ಮಿಕ್ಸಿಯೂ ಬಂದಿವೆ. ಅರ್ಧ ಮೈಲಿಯಿರುವ ತೋಟಕ್ಕೂ ಬೈಕಿನಲ್ಲಿ ಹೋಗುತ್ತೇವೆ. ಇವು ಬಂದುದು ತಪ್ಪಲ್ಲ. ಅವು ನಮ್ಮ ತಾಯಂದಿರ ಬೆನ್ನನ್ನು ಉಳಿಸಿವೆ. ಆದರೆ ಅವುಗಳೊಂದಿಗೆ ನಮ್ಮ ಊಟದ ಪ್ರಮಾಣ ಇಳಿಯಲಿಲ್ಲ. ದೇಹದ ಚಲನೆ ಮಾತ್ರ ಇಳಿಯಿತು. ನಾಟಿ, ಕೊಯ್ಲುಗಳ ಕೆಲವು ವಾರ ಮೈಮುರಿಯುವ ದುಡಿಮೆ. ಉಳಿದ ತಿಂಗಳುಗಳಲ್ಲಿ ಅರಳಿಕಟ್ಟೆ, ಹೋಟೆಲಿನ ಬೆಂಚು, ದೂರದರ್ಶನ, ಕೈಯಲ್ಲಿ ಮೊಬೈಲು. ಕರುಳಿಗೆ ಬೇಕಾದುದು ವರ್ಷದಲ್ಲಿ 40 ದಿನದ ಅತಿಶ್ರಮವಲ್ಲ, ದಿನವೂ ದೊರೆಯುವ ಮಿತವಾದ ಚಲನೆ.

ದುಡಿಮೆಯ ಬಗೆಯೂ ಮುಖ್ಯ. ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವಾಗ, ಬಾಗಿ ನಾಟಿ ಹಾಕುವಾಗ ಹೊಟ್ಟೆ ಮಡಿಚಿ ಒತ್ತಿಹೋಗುತ್ತದೆ. ಊಟವಾದ ಕೂಡಲೆ ಹಾಗೆ ಬಾಗಿದರೆ ಜಠರದ ಹುಳಿರಸ ಮೇಲಕ್ಕೆ ನುಗ್ಗಿ ಎದೆ ಉರಿಯುತ್ತದೆ. ಗಂಡಸರು ಬಿಗಿಯಾಗಿ ಕಟ್ಟುವ ನಡುಪಟ್ಟಿಯೂ, ಹೆಂಗಸರು ಸೊಂಟಕ್ಕೆ ಬಿಗಿಯುವ ಒಳಲಂಗದ ಲಾಡಿಯೂ ಇದೇ ಕೆಲಸ ಮಾಡುತ್ತವೆ. ಊಟದ ನಂತರ ಸ್ವಲ್ಪ ಸಡಿಲಿಸಿಕೊಂಡರೆ ಅದಕ್ಕೇನೂ ಖರ್ಚಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಬದುವಿನ ಮೇಲೆ ನಿಧಾನವಾಗಿ ಅಡ್ಡಾಡಿ, ಮತ್ತೆ ಸ್ವಲ್ಪ ಹೊತ್ತು ನೆರಳಿನಲ್ಲಿ ಕುಳಿತು, ಆಮೇಲೆ ಬಾಗುವ ಕೆಲಸವನ್ನು ಹಿಡಿಯಿರಿ. ಉಂಡ ಮೇಲೆ ನೂರು ಹೆಜ್ಜೆ ನಡೆಯಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸರಿಯಾಗಿಯೇ ಇತ್ತು. ನಾನು ಅದನ್ನು ಸಾವಿರ ಹೆಜ್ಜೆಗೆ ಏರಿಸಲು ಬಯಸುತ್ತೇನೆ, ಅಷ್ಟೆ.

ಈಗ ತಾಯಂದಿರ ವಿಷಯಕ್ಕೆ ಬರುತ್ತೇನೆ. ಇದನ್ನು ಗಂಡಂದಿರು ಹೆಚ್ಚು ಗಮನವಿಟ್ಟು ಓದಬೇಕು.

ಬೆಳಿಗ್ಗೆ ಎದ್ದು, ಬಿಸಿನೀರನ್ನೋ ಕಾಫಿಯನ್ನೋ ಕುಡಿದ ಮೇಲೆ, ಅಥವಾ ತಿಂಡಿಯಾದ ಮೇಲೆ, ದೊಡ್ಡ ಕರುಳು ತಾನಾಗಿ ಜಾಗೃತಗೊಳ್ಳುತ್ತದೆ. ಜಠರ ತುಂಬಿದೊಡನೆ ಕೆಳಗಿನ ಕರುಳಿಗೆ ಸೂಚನೆ ಹೋಗುವಂತೆ ಪ್ರಕೃತಿಯ ಏರ್ಪಾಡಿದೆ. ಆ ಕರೆ ಬಂದಾಗ ಹೋಗಬೇಕು. ಆದರೆ ಹೆಣ್ಣುಮಗಳಿಗೆ ಆ ಹೊತ್ತಿನಲ್ಲಿಯೇ ಒಲೆ, ಹಾಲು ಕರೆಯುವುದು, ಮಕ್ಕಳ ಶಾಲೆ, ಗಂಡನ ಬುತ್ತಿ. ಆಕೆ ಕರೆಯನ್ನು ಅದುಮಿಡುತ್ತಾಳೆ. ಶೌಚಾಲಯವಿಲ್ಲದ ಅಥವಾ ಇದ್ದರೂ ಅದರಲ್ಲಿ ಸೌದೆ ತುಂಬಿಟ್ಟಿರುವ ಮನೆಯಾದರೆ ಕತ್ತಲಾಗುವವರೆಗೆ ಅದುಮಿಡುತ್ತಾಳೆ. ಹಗಲಿನಲ್ಲಿ ಹೋಗುವ ಪ್ರಸಂಗ ಬಾರದಿರಲೆಂದು ನೀರನ್ನೇ ಕಡಿಮೆ ಕುಡಿಯುತ್ತಾಳೆ. ಬಸ್ಸಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಸೊಸೆಯಂದಿರ ಕಥೆಯೂ ಇದೇ. ಹೀಗೆ ಕರೆಯನ್ನು ವರ್ಷಗಟ್ಟಲೆ ಅದುಮಿದರೆ ಕರುಳು ಕರೆಯುವುದನ್ನೇ ಕಡಿಮೆ ಮಾಡುತ್ತದೆ. ಆಮೇಲೆ ಯಾವ ಚೂರ್ಣವೂ ಅದನ್ನು ಪೂರ್ತಿ ಸರಿಪಡಿಸದು. ಪತ್ನಿಗೆ ಬೆಳಗಿನ ಹೊತ್ತು ಹತ್ತು ನಿಮಿಷ ಬಿಡುವು ದೊರೆಯುವಂತೆ ಹಾಲು ಕರೆಯುವುದನ್ನೋ ಮಕ್ಕಳನ್ನು ಅಣಿಗೊಳಿಸುವುದನ್ನೋ ಪತಿಯು ವಹಿಸಿಕೊಳ್ಳುವುದು, ಶೌಚಾಲಯದಿಂದ ಸೌದೆಯನ್ನು ಹೊರಗೆ ಹಾಕುವುದು, ಇವೂ ಜೀರ್ಣಶಕ್ತಿಯ ಚಿಕಿತ್ಸೆಯೇ.

ಮನೆಗೆಲಸದಲ್ಲಿ ಹೆಂಗಸು ಇಡೀ ದಿನ ನಿಂತೇ ಇರುತ್ತಾಳೆ. ಆದರೆ ನಾಲ್ಕು ಗೋಡೆಗಳೊಳಗೆ ನಿಂತು ಸುತ್ತುವುದು ಬೇರೆ, ಕೈ ಬೀಸಿ ನಡೆಯುವುದು ಬೇರೆ. ಸಂಜೆ ಗಂಡಹೆಂಡಿರು ಜೊತೆಯಾಗಿ ಊರ ಹೊರಗಿನ ರಸ್ತೆಯಲ್ಲಿ ಅರ್ಧ ಗಂಟೆ ನಡೆದರೆ ನೋಡಿದವರು ನಗುವರೆಂದು ಕೆಲವರು ನನ್ನಲ್ಲಿ ಹೇಳಿದ್ದಾರೆ. ಮೊದಲ ವಾರ ನಗುವರು. ಎರಡನೆಯ ವಾರದಿಂದ ಅಭ್ಯಾಸವಾಗುತ್ತದೆ.

ಗರ್ಭಿಣಿಯಲ್ಲಿ ಕರುಳಿನ ಚಲನೆಯು ಸಹಜವಾಗಿಯೇ ನಿಧಾನಗೊಳ್ಳುತ್ತದೆ. ಗರ್ಭವನ್ನು ಕಾಪಾಡುವ ಹಾರ್ಮೋನು ಗರ್ಭಕೋಶವನ್ನು ಸಡಿಲವಾಗಿಡುವಾಗ ಕರುಳನ್ನೂ ಸಡಿಲಿಸುತ್ತದೆ. ಇದರೊಂದಿಗೆ ನಾವು 180 ದಿನ ಸೇವಿಸಲು ಕೊಡುವ ಕಬ್ಬಿಣಾಂಶದ ಮಾತ್ರೆಯಿಂದಲೂ ಕೆಲವರಿಗೆ ಮಲ ಗಟ್ಟಿಯಾಗುತ್ತದೆ. ಮಲದ ಬಣ್ಣವೂ ಕಪ್ಪಾಗುತ್ತದೆ. ಇದನ್ನು ಕಂಡು ಹೆದರಿ ಮಾತ್ರೆಗಳನ್ನು ಹಿತ್ತಿಲಿಗೆ ಎಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿರಿ. ಹೆರಿಗೆಯಲ್ಲಿ ರಕ್ತಸ್ರಾವವಾದಾಗ ತಾಯಿಯ ಪ್ರಾಣವನ್ನು ಉಳಿಸುವುದು ಆ ದಿನಗಳಲ್ಲಿ ಅವಳ ಮೈಯಲ್ಲಿ ಸೇರಿದ ರಕ್ತವೇ. ಮಾತ್ರೆಯನ್ನು ಬಿಡುವ ಬದಲು ದಿನವೂ ನಡೆಯಿರಿ, ಸೊಪ್ಪಿನ ಸಾರು, ಹುರುಳಿ, ಸೀಬೆ, ಬಾಳೆಹಣ್ಣು ತಿನ್ನಿರಿ, ನೀರು ಕುಡಿಯಿರಿ. ಮಾತ್ರೆಯಿಂದ ಹೊಟ್ಟೆ ತೊಳಸುವುದಾದರೆ ಊಟದ ನಂತರ ತೆಗೆದುಕೊಳ್ಳಬಹುದು. ಚಹಾ ಕಾಫಿಗಳೊಂದಿಗೆ ಮಾತ್ರ ಬೇಡ. ರಕ್ತಸ್ರಾವ, ಅಧಿಕ ರಕ್ತದೊತ್ತಡ ಮುಂತಾದ ತೊಂದರೆಯಿದ್ದು ವೈದ್ಯರು ವಿಶ್ರಾಂತಿ ಹೇಳಿದ್ದರೆ ನಡಿಗೆಯ ವಿಷಯದಲ್ಲಿ ಅವರ ಮಾತಿನಂತೆಯೇ ನಡೆಯಬೇಕು.

ಬಾಣಂತಿಯ ಬಗ್ಗೆ ಅಜ್ಜಿಯಂದಿರೊಂದಿಗೆ ನನಗೆ ಒಂದು ಜಗಳವಿದೆ. ಮೈಗೆ ಎಣ್ಣೆ, ಬಿಸಿನೀರಿನ ಸ್ನಾನ, ಬೆಚ್ಚಗಿನ ಹೊದಿಕೆ, ಇವುಗಳಿಗೆ ನನ್ನ ಆಕ್ಷೇಪಣೆಯಿಲ್ಲ. ಆದರೆ "ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ" ಎಂದು ಗುಟುಕು ಲೆಕ್ಕದಲ್ಲಿ ನೀರು ಕೊಡುವುದು ಸರಿಯಲ್ಲ. ಹಾಲೂಡುವ ತಾಯಿಗೆ ಎಲ್ಲರಿಗಿಂತ ಹೆಚ್ಚು ನೀರು ಬೇಕು. ನೀರಿಲ್ಲದೆ, ಚಲನೆಯಿಲ್ಲದೆ, ಸೊಪ್ಪು ತರಕಾರಿಯಿಲ್ಲದೆ ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿಸಿದರೆ ಮಲಬದ್ಧತೆ, ಮೂಲವ್ಯಾಧಿಗಳು ಖಂಡಿತ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಸಹಜ ಹೆರಿಗೆಯಾದವಳು ಅದೇ ದಿನ ಎದ್ದು ಓಡಾಡಬಹುದು. ಸಿಸೇರಿಯನ್ ಆದವಳನ್ನೂ ದಾದಿಯರು 24 ಗಂಟೆಯೊಳಗೆ ಕೈಹಿಡಿದು ನಡೆಸುತ್ತಾರೆ. ಹೊಟ್ಟೆಗೆ ಬಟ್ಟೆ ಬಿಗಿದರೆ ಸಡಿಲಗೊಂಡ ಮಾಂಸಖಂಡ ಗಟ್ಟಿಯಾಗುವುದಿಲ್ಲ. ಮೊದಲು ನಡಿಗೆ, ಆಮೇಲೆ ವೈದ್ಯರೋ ದಾದಿಯೋ ತೋರಿಸಿಕೊಟ್ಟ ಹಗುರವಾದ ವ್ಯಾಯಾಮ, ಇವುಗಳಿಂದ ಅದು ಕ್ರಮವಾಗಿ ಬಲಗೊಳ್ಳುತ್ತದೆ.

ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಟ್ಟೆ ಉಬ್ಬಿತು, ಅರಗುವ ಶಕ್ತಿ ಹೋಯಿತು ಎಂಬ ಮಾತೂ ಆಗಾಗ್ಗೆ ಕೇಳಿಬರುತ್ತದೆ. ಹೆಂಗಸರಲ್ಲಿ ಕಟ್ಟುವುದು ಅಂಡನಾಳಗಳನ್ನು. ಗಂಡಸರಲ್ಲಿ ಕತ್ತರಿಸುವ ವೀರ್ಯನಾಳವನ್ನು ತಲುಪಲು ಹೊಟ್ಟೆಯನ್ನು ತೆರೆಯುವುದೇ ಇಲ್ಲ. ಎರಡರಲ್ಲಿಯೂ ಜಠರಕ್ಕಾಗಲಿ ಕರುಳಿಗಾಗಲಿ ಕೈ ಹಾಕುವುದಿಲ್ಲ. ಹೊಟ್ಟೆ ಬರುವುದು ಬಹುಮಟ್ಟಿಗೆ "ಆಪರೇಷನ್ ಆಗಿದೆ, ಏನೂ ಎತ್ತಬಾರದು" ಎಂದು ವರ್ಷಗಟ್ಟಲೆ ಕುಳಿತುಬಿಡುವುದರಿಂದ. ವೈದ್ಯರು ಹೇಳಿದಷ್ಟು ದಿನಗಳ ವಿಶ್ರಾಂತಿ ಸಾಕು. ಆಮೇಲೆ ಎಂದಿನಂತೆ ನಡೆಯಬಹುದು, ದುಡಿಯಬಹುದು.

ಊಟದ ನಂತರದ ನಡಿಗೆಯಿಂದ ಇನ್ನೊಂದು ಲಾಭವಿದೆ. ಮುದ್ದೆ, ಅನ್ನ, ರೊಟ್ಟಿ ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಆ ಹೊತ್ತಿನಲ್ಲಿ ಕಾಲುಗಳ ಮಾಂಸಖಂಡಗಳು ಚಲಿಸುತ್ತಿದ್ದರೆ ಅವು ಆ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 41 ಮಂದಿ ಸಕ್ಕರೆ ಕಾಯಿಲೆಯವರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯಂತೆ, ದಿನದಲ್ಲಿ ಯಾವಾಗಲಾದರೂ ಒಮ್ಮೆ 30 ನಿಮಿಷ ನಡೆಯುವುದಕ್ಕಿಂತ ಮೂರು ಹೊತ್ತಿನ ಊಟದ ನಂತರ ಹತ್ತು ಹತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆಯ ಏರಿಕೆಯು ನೂರಕ್ಕೆ 12ರಷ್ಟು ಕಡಿಮೆಯಾಗಿತ್ತು. ರಾತ್ರಿಯೂಟದ ನಂತರದ ನಡಿಗೆಯಲ್ಲಂತೂ ಈ ಇಳಿಕೆ ನೂರಕ್ಕೆ 22. ಇದು ಹಳ್ಳಿಗೆ ಸಂಬಂಧಿಸದ ಕಾಯಿಲೆಯೆಂದು ತಿಳಿಯಬೇಡಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಗ್ರಾಮೀಣ ವಯಸ್ಕರಲ್ಲಿಯೇ ನೂರಕ್ಕೆ ಸುಮಾರು 9 ಮಂದಿಗೆ ಸಕ್ಕರೆ ಕಾಯಿಲೆ ಕಂಡುಬಂದಿದೆ. ನಿಯಮಿತವಾಗಿ ವ್ಯಾಯಾಮ ಮಾಡುವವರಲ್ಲಿ ಯಕೃತ್ತಿನಲ್ಲಿ ಕೊಬ್ಬು ಸೇರುವುದೂ, ಪಿತ್ತಕೋಶದ ಕಲ್ಲೂ, ದೊಡ್ಡ ಕರುಳಿನ ಕ್ಯಾನ್ಸರೂ ಕಡಿಮೆ.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿರುವ ಲೆಕ್ಕ ವಾರಕ್ಕೆ 150ರಿಂದ 300 ನಿಮಿಷ. ವಾರಕ್ಕೆ ಐದು ದಿನ ಅರ್ಧ ಗಂಟೆಯಾದರೆ 150 ಆಯಿತು. ಅದನ್ನು ಹತ್ತು ಹತ್ತು ನಿಮಿಷವಾಗಿ ಒಡೆದುಕೊಂಡರೂ ನಷ್ಟವಿಲ್ಲ. ವೇಗ ಹೇಗಿರಬೇಕೆಂದರೆ, ಜೊತೆಯವರೊಂದಿಗೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು. ಊಟದ ಮೇಲಿನ ನಡಿಗೆ ಇದಕ್ಕಿಂತಲೂ ನಿಧಾನವಾಗಿರಲಿ. ಸೂರ್ಯನಮಸ್ಕಾರ, ಓಟ, ಕಬಡ್ಡಿ, ಗರಡಿಯ ಸಾಮು ಮುಂತಾದುವನ್ನು ಮಾಡುವವರು ಊಟವಾಗಿ ಮೂರು ಗಂಟೆಯಾದರೂ ಕಳೆದಿರಬೇಕು. ಬೆಳಗಿನ ಹೊತ್ತು ಎಲ್ಲಕ್ಕಿಂತ ಉತ್ತಮ. ರಾತ್ರಿ ಉಂಡ ತಟ್ಟೆಯ ಪಕ್ಕದಲ್ಲಿಯೇ ಉರುಳಿಕೊಳ್ಳುವ ಅಭ್ಯಾಸವನ್ನು ಬಿಡಬೇಕು. ಊಟಕ್ಕೂ ನಿದ್ರೆಗೂ ಎರಡು ಮೂರು ಗಂಟೆಗಳ ಅಂತರವಿರಲಿ. ಎದೆಯುರಿಯವರು ಎಡಮಗ್ಗುಲಾಗಿ ಮಲಗಿದರೆ ಹುಳಿರಸ ಮೇಲೇರುವುದು ಕಡಿಮೆಯಾಗುತ್ತದೆ. ಮುದ್ದೆಯನ್ನು ನುಂಗುವುದೇ ನಮ್ಮ ಕಡೆಯ ರೂಢಿ. ಅದನ್ನು ಬಿಡಿಸಲು ನನ್ನಿಂದಾಗದು. ಅದರೊಂದಿಗಿನ ಕಾಳು, ಸೊಪ್ಪು, ಮಾಂಸಗಳನ್ನಾದರೂ ಚೆನ್ನಾಗಿ ಅಗಿಯಿರಿ.

ವ್ಯಾಯಾಮವು ಸರ್ವರೋಗಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ. ಜಠರದ ಹುಣ್ಣಿಗೆ ಬಹುಮಟ್ಟಿಗೆ ಒಂದು ರೋಗಾಣು ಕಾರಣವೆಂಬುದು ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಎಂಬ ವೈದ್ಯರ ಸಂಶೋಧನೆಯಿಂದ ತಿಳಿಯಿತು. ಅದಕ್ಕಾಗಿ 2005ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಆ ರೋಗಾಣುವನ್ನು ನಡಿಗೆಯಿಂದ ಓಡಿಸಲಾಗದು, ಔಷಧಿಯೇ ಬೇಕು. ಹುಣ್ಣಿಗೆ ಇನ್ನೊಂದು ಕಾರಣ ಮೈಕೈನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು. ಬೀಡಿ, ಹೊಗೆಸೊಪ್ಪು, ಸಾರಾಯಿಗಳನ್ನು ಮುಂದುವರಿಸುತ್ತ ಎಷ್ಟು ನಡೆದರೂ ಎದೆಯುರಿ ನಿಲ್ಲದು. ಮಲದಲ್ಲಿ ರಕ್ತ ಬೀಳುವುದು, ಕಬ್ಬಿಣಾಂಶದ ಮಾತ್ರೆ ನುಂಗದಿದ್ದರೂ ಮಲ ಟಾರಿನಂತೆ ಕಪ್ಪಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ವಾಂತಿ ನಿಲ್ಲದಿರುವುದು, ನಡುವಯಸ್ಸು ದಾಟಿದವರಲ್ಲಿ ಮಲವಿಸರ್ಜನೆಯ ಅಭ್ಯಾಸವು ಇದ್ದಕ್ಕಿದ್ದಂತೆ ಬದಲಾಗುವುದು, ಇವು ಕಂಡರೆ ವಾರಗಟ್ಟಲೆ ಕಾಯದೆ ವೈದ್ಯರಲ್ಲಿಗೆ ಬರಬೇಕು.

ಕೊನೆಯದಾಗಿ ಒಂದು ವಿಷಯವನ್ನು ಎಲ್ಲಕ್ಕಿಂತ ಒತ್ತಿ ಹೇಳಬೇಕಾಗಿದೆ. ನಡೆಯುವಾಗ, ದಿಣ್ಣೆ ಏರುವಾಗ, ನೀರು ಹೊರುವಾಗ ಎದೆಯ ನಡುವೆ ಬಿಗಿತವೋ ಉರಿಯೋ ಕಾಣಿಸಿಕೊಂಡು, ನಿಂತು ಸುಧಾರಿಸಿಕೊಂಡರೆ ಹೋಗಿಬಿಡುವುದಾದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಿಳಿಯಬೇಡಿರಿ. ಅದು ಹೃದಯದ ನೋವಾಗಿರುವ ಸಂಭವ ಹೆಚ್ಚು. ಅಂತಹವರು ನನ್ನ ಈ ಭಾಷಣವನ್ನು ಓದಿ ನಡಿಗೆಯನ್ನು ಆರಂಭಿಸಕೂಡದು. ಮೊದಲು ಆರೋಗ್ಯ ಕೇಂದ್ರಕ್ಕೆ ಬಂದು ಹೃದಯದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎದೆಯ ನೋವು ವಿಶ್ರಾಂತಿಯಿಂದಲೂ ಇಳಿಯದೆ, ಮೈ ಬೆವರಿ, ಎಡತೋಳಿಗೋ ದವಡೆಗೋ ಹರಡಿದರೆ ಅದು ಹೃದಯಾಘಾತವಿರಬಹುದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಅದು ಬರಿಯ ಹೊಟ್ಟೆ ತೊಳಸುವಿಕೆ, ಸುಸ್ತು, ಉಸಿರುಗಟ್ಟುವಿಕೆಯಾಗಿಯೂ ಬರಬಹುದು. ಅಂತಹ ಹೊತ್ತಿನಲ್ಲಿ ಸೋಡಾ ಕುಡಿಸುತ್ತ, ಓಮಿನ ನೀರು ಕಾಯಿಸುತ್ತ, ಬೆಳಗಾಗಲೆಂದು ಕಾಯುತ್ತ ಕಳೆಯುವ ಒಂದೊಂದು ಗಂಟೆಯಲ್ಲಿಯೂ ಹೃದಯದ ಒಂದೊಂದು ಭಾಗ ಸಾಯುತ್ತಿರುತ್ತದೆ. ರೋಗಿಯನ್ನು ನಡೆಸಬೇಡಿರಿ, ಬೈಕಿನ ಹಿಂದೆ ಕೂರಿಸಬೇಡಿರಿ. ಇರುವಲ್ಲಿಯೇ ಕೂರಿಸಿ, 108ಕ್ಕೆ ಕರೆ ಮಾಡಿ, ಊರಿನ ಹೆಸರಿನೊಂದಿಗೆ ಹತ್ತಿರದ ಶಾಲೆಯನ್ನೋ ದೇವಸ್ಥಾನವನ್ನೋ ಗುರುತು ಹೇಳಿರಿ. ಒಬ್ಬರು ದೀಪ ಹಿಡಿದು ರಸ್ತೆಯ ತಿರುವಿನಲ್ಲಿ ನಿಂತಿದ್ದರೆ ವಾಹನದವರಿಗೆ ಮನೆಯನ್ನು ಹುಡುಕುವುದು ತಪ್ಪುತ್ತದೆ.